ಕಾಲಂ ಹೆಸರು ಬೇರೆ, ವಿಷಯ ಒಂದೇ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಎನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಕೂತು ಏನು ಮಾಡುತ್ತೇನೆ ಎನ್ನುವುದು ನಮ್ಮ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲ. ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, "ಸಾಧನೆ ಗೀಧನೆ ಬೇಡಮ್ಮ, ನೀನು ದಿನಾ ಮಾಡುವ ಕೆಲಸದಲ್ಲಿ ಒಂದನ್ನು ಎಂಟನೇ ಕ್ಲಾಸಿನ ಮಕ್ಕಳಿಗೂ ತಿಳಿಯುವ ಹಾಗೆ ಹೇಳು" ಎಂದರು. ಆ ಮಾತು ನನಗೆ ಹಿಡಿಸಿತು. ಹಾಗಾಗಿ ಇವತ್ತು ಒಂದೇ ಒಂದು ಸಣ್ಣ ಕೆಲಸದ ಬಗ್ಗೆ ಮಾತಾಡುತ್ತೇನೆ. ಒಂದೇ ವಿಷಯ ನಾಲ್ಕು ಕಡೆಯಿಂದ ನಾಲ್ಕು ಹೆಸರಿನಲ್ಲಿ ಬಂದಾಗ ಅದನ್ನು ಒಂದೇ ಜಾಗಕ್ಕೆ ಸರಿಯಾಗಿ ಸೇರಿಸುವುದು ಹೇಗೆ, ಇಷ್ಟೇ ಆ ಕೆಲಸ. ಕೇಳಲು ಗುಮಾಸ್ತೆಯ ಕೆಲಸದ ಹಾಗಿದೆ. ಆದರೆ ಇದು ತಪ್ಪಿದರೆ ನಮ್ಮಂಥ ಊರಿನಲ್ಲಿ ಒಬ್ಬರ ಬೆಳೆ ಹೊಲದಲ್ಲೇ ಉಳಿಯಬಹುದು.

ನಮ್ಮ ಸಂಸ್ಥೆ ಮಾರುಕಟ್ಟೆ ಬೆಲೆಗಳನ್ನು ಒಟ್ಟುಗೂಡಿಸಿ ರೈತರ ಮೊಬೈಲಿಗೆ ಕೊಡುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಇವತ್ತು ಟೊಮೆಟೊ ಎಷ್ಟು, ವಡ್ಡಹಳ್ಳಿಯಲ್ಲಿ ಎಷ್ಟು, ಗಡಿಯಾಚೆ ಮದನಪಲ್ಲಿಯಲ್ಲಿ ಎಷ್ಟು, ಇವೆಲ್ಲ ಒಂದೇ ಪರದೆಯ ಮೇಲೆ ಕಾಣಬೇಕು. ಈ ಬೆಲೆಗಳನ್ನು ನಾವು ಹೋಗಿ ಬರೆದುಕೊಂಡು ಬರುವುದಿಲ್ಲ. ಬೇರೆ ಬೇರೆ ಕಡೆಯ ಕಂಪ್ಯೂಟರುಗಳನ್ನು ನಮ್ಮ ಕಂಪ್ಯೂಟರ್ ಕೇಳುತ್ತದೆ, ಅವು ಉತ್ತರ ಕಳಿಸುತ್ತವೆ. ಹಾಗೆ ಕೇಳಲು ಇಟ್ಟಿರುವ ಕಿಟಕಿಗೆ ಎಪಿಐ ಎನ್ನುತ್ತಾರೆ. ನ್ಯಾಯಬೆಲೆ ಅಂಗಡಿಯ ಕಿಟಕಿ ಇದ್ದ ಹಾಗೆ. ಕಾರ್ಡ್ ತೋರಿಸಿ ಏನು ಬೇಕು ಎಂದು ಹೇಳಬೇಕು, ಒಳಗಿನಿಂದ ಕೊಡುತ್ತಾರೆ. ಒಳಗೆ ಗೋದಾಮು ಹೇಗಿದೆ, ಅಕ್ಕಿ ಯಾವ ಮೂಲೆಯಲ್ಲಿದೆ ಎನ್ನುವುದು ಹೊರಗೆ ನಿಂತವರಿಗೆ ಬೇಕಿಲ್ಲ.

ಆ ಕಿಟಕಿಯಿಂದ ಬರುವ ಉತ್ತರ ಬಹುಪಾಲು ಜೇಸನ್ ಎನ್ನುವ ರೂಪದಲ್ಲಿರುತ್ತದೆ. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎನ್ನುವವರು ಇದನ್ನು ಬಳಕೆಗೆ ತಂದರು. 2006ರಲ್ಲಿ ಇದರ ನಿಯಮಗಳು ಆರ್‌ಎಫ್‌ಸಿ 4627 ಎಂಬ ದಾಖಲೆಯಾಗಿ ಪ್ರಕಟವಾದವು. ನಿಯಮ ಬಹಳ ಸರಳ. ಎಡಗಡೆ ಒಂದು ಹೆಸರು, ಮಧ್ಯೆ ಎರಡು ಚುಕ್ಕಿ, ಬಲಗಡೆ ಅದರ ಬೆಲೆ. ಊರು: ಕೋಲಾರ. ಬೆಳೆ: ಟೊಮೆಟೊ. ದರ: 300. ಹೀಗೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೇಲೆ ಕಾಲಂ ಹೆಸರು, ಕೆಳಗೆ ಮಗುವಿನ ವಿವರ ಇರುತ್ತದಲ್ಲ, ಅದೇ ಇದು. ಉದ್ದಕ್ಕೆ ಬರೆಯುವುದನ್ನು ಒಂದರ ಕೆಳಗೊಂದು ಬರೆದಿರುತ್ತಾರೆ, ಅಷ್ಟೇ ವ್ಯತ್ಯಾಸ.

ಜೇಸನ್‌ನ ನಿಯಮ ಹೇಗೆ ಬರೆಯಬೇಕು ಎಂದು ಹೇಳುತ್ತದೆ. ಏನೆಂದು ಹೆಸರಿಡಬೇಕು ಎಂದು ಹೇಳುವುದಿಲ್ಲ. ದರ ಎಂದು ಬರೆಯುತ್ತೀರೋ, ರೇಟ್ ಎಂದು ಬರೆಯುತ್ತೀರೋ, ಪ್ರೈಸ್ ಎಂದು ಬರೆಯುತ್ತೀರೋ, ಅದು ಬರೆಯುವವರ ಇಷ್ಟ. ನಮ್ಮ ತಲೆನೋವು ಶುರುವಾಗುವುದೇ ಅಲ್ಲಿಂದ.

ಒಂದು ಕಡೆಯವರು ಮಾರುಕಟ್ಟೆಗೆ 'ಮಾರ್ಕೆಟ್' ಎನ್ನುತ್ತಾರೆ. ಇನ್ನೊಬ್ಬರು 'ಮಾರ್ಕೆಟ್ ನೇಮ್' ಎನ್ನುತ್ತಾರೆ. ಮತ್ತೊಬ್ಬರು 'ಮಂಡಿ' ಎನ್ನುತ್ತಾರೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಹೆಚ್ಚು ಸರಕು ಮಾರಾಟವಾದ ಬೆಲೆ ಎಂದು ಮೂರು ಬೇರೆ ಬೇರೆ ಕಾಲಂ ಇವೆ. ಮೂರನೆಯದಕ್ಕೆ ಮೋಡಲ್ ಪ್ರೈಸ್ ಎಂದು ಹೆಸರು. ಖಾಸಗಿಯವರು ಕೆಲವರು ಒಂದೇ ಕಾಲಂ ಕೊಟ್ಟು 'ರೇಟ್' ಎಂದು ಬಿಟ್ಟಿರುತ್ತಾರೆ. ಆ ರೇಟ್ ಮೂರರಲ್ಲಿ ಯಾವುದು ಎಂದು ನಾವೇ ಕೇಳಿ ತಿಳಿದುಕೊಳ್ಳಬೇಕು.

ಮನುಷ್ಯರಿಗೆ ಇದು ದೊಡ್ಡ ವಿಷಯವಲ್ಲ. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. 'ಹೆಸರೇನು' ಎಂದರೂ ಮಗು ಹೆಸರು ಹೇಳುತ್ತದೆ, 'ಪೇರೇಮಿ' ಎಂದರೂ ಹೇಳುತ್ತದೆ. ಯಾರೂ ಅದನ್ನು ಪಾಠ ಮಾಡಿ ಕಲಿಸಿಲ್ಲ. ಕಂಪ್ಯೂಟರಿಗೆ ಆ ತಿಳಿವಳಿಕೆ ಇಲ್ಲ. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ ಇರಬೇಕಾದ ಕಡೆ ಸಣ್ಣ ಅಕ್ಷರ ಇದ್ದರೂ, ನಡುವೆ ಒಂದು ಅಡ್ಡಗೆರೆ ಜಾಸ್ತಿ ಇದ್ದರೂ, ಸಾಮಾನ್ಯವಾಗಿ ಅದಕ್ಕೆ ಅದು ಬೇರೆಯೇ ಹೆಸರು.

ಇನ್ನು ಬಂದ ಉತ್ತರವನ್ನು ಬಿಚ್ಚುವ ಕೆಲಸ. ದೂರಕ್ಕೆ ಕಳಿಸಬೇಕಾದರೆ ಸಾಮಾನನ್ನೆಲ್ಲ ಸೇರಿಸಿ ಮೂಟೆ ಕಟ್ಟುತ್ತೇವೆ. ತಲುಪಿದ ಮೇಲೆ ಬಿಚ್ಚಿ, ಅಕ್ಕಿಯನ್ನು ಅಕ್ಕಿಯ ಡಬ್ಬಕ್ಕೆ, ಬೇಳೆಯನ್ನು ಬೇಳೆಯ ಡಬ್ಬಕ್ಕೆ ಹಾಕುತ್ತೇವೆ. ನಮ್ಮ ಕೆಲಸದಲ್ಲಿ ಕಟ್ಟುವುದಕ್ಕೆ ಸೀರಿಯಲೈಸ್, ಬಿಚ್ಚಿ ತುಂಬುವುದಕ್ಕೆ ಡಿಸೀರಿಯಲೈಸ್ ಎನ್ನುತ್ತಾರೆ. ಯಾವ ಡಬ್ಬಗಳು ಇರಬೇಕು, ಅವುಗಳ ಮೇಲೆ ಏನು ಬರೆದಿರಬೇಕು ಎಂದು ನಾವು ಮೊದಲೇ ಒಂದು ಅಚ್ಚು ಮಾಡಿಟ್ಟಿರುತ್ತೇವೆ. ಬಿಚ್ಚುವ ಕೆಲಸ ಮಾಡಲು ಸಿದ್ಧ ಉಪಕರಣಗಳಿವೆ. ಜಾವಾ ಭಾಷೆಯಲ್ಲಿ ಜಾಕ್ಸನ್ ಎನ್ನುವುದು ಬಹಳ ಬಳಕೆಯಲ್ಲಿದೆ. ಮೂಟೆಯ ಚೀಟಿಯಲ್ಲಿ ಇರುವ ಹೆಸರು, ಡಬ್ಬದ ಮೇಲಿನ ಹೆಸರು ಎರಡೂ ಒಂದೇ ಆದರೆ ಅದು ತಾನಾಗಿ ತುಂಬಿಬಿಡುತ್ತದೆ.

ಒಂದೇ ಆಗದಿದ್ದರೆ? ಇದೇ ಮುಖ್ಯವಾದ ಪ್ರಶ್ನೆ. ಡಬ್ಬ ಖಾಲಿ ಉಳಿಯುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ತಕರಾರು ಮಾಡು ಎಂದು ಹೇಳುವ ವ್ಯವಸ್ಥೆ ಜಾಕ್ಸನ್‌ನಲ್ಲಿ ಇದೆ. ಆದರೆ ಕಳಿಸುವವರು ಆಗಾಗ ಹೊಸ ಕಾಲಂ ಸೇರಿಸುತ್ತಿರುತ್ತಾರೆ, ಪ್ರತಿ ಸಲ ಕೆಲಸ ನಿಲ್ಲಬಾರದು ಎಂದು ಎಷ್ಟೋ ಕಡೆ ಆ ವ್ಯವಸ್ಥೆಯನ್ನು ಆರಿಸಿಟ್ಟಿರುತ್ತಾರೆ. ಆಗ ಖಾಲಿ ಡಬ್ಬದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಮೇಲಾಗಿ, ಆ ಡಬ್ಬ ಬರಿಯ ಸಂಖ್ಯೆಗೆಂದು ಮಾಡಿದ್ದಾದರೆ ಅದರಲ್ಲಿ ಖಾಲಿ ಎನ್ನುವುದೇ ಇರುವುದಿಲ್ಲ. ಏನೂ ಬರದಿದ್ದರೆ ಅಲ್ಲಿ ಸೊನ್ನೆ ಕೂತಿರುತ್ತದೆ.

ಈ ಸೊನ್ನೆ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ, ಆಗ ತಾನೇ ತಂಡಕ್ಕೆ ಸೇರಿದ್ದೆ. ಬೆಲೆ ಕಳಿಸುತ್ತಿದ್ದವರಲ್ಲಿ ಒಬ್ಬರು ಒಂದು ರಾತ್ರಿ ಹೇಳದೆ ಕೇಳದೆ ಕಾಲಂ ಹೆಸರು ಬದಲಾಯಿಸಿದರು. ನಿನ್ನೆಯವರೆಗೆ 'ಪ್ರೈಸ್' ಇದ್ದದ್ದು ಇವತ್ತು 'ಮೋಡಲ್ ಪ್ರೈಸ್' ಆಯಿತು. ಪ್ರೋಗ್ರಾಂ ನಿಲ್ಲಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಬೆಳಗ್ಗೆ ಆರು ಗಂಟೆಗೆ ಅಲ್ಲಿನ ಟೊಮೆಟೊ ಬೆಲೆ ಸೊನ್ನೆ ಎಂದು ರೈತರ ಮೊಬೈಲಿಗೆ ಹೋಯಿತು. ಸಹಾಯವಾಣಿಗೆ ಬಂದ ಒಂದು ಕರೆಯನ್ನು ನನಗೆ ಕೊಟ್ಟರು. ಆ ಕಡೆಯಿಂದ ವಯಸ್ಸಾದ ಧ್ವನಿ. "ಅಮ್ಮಾ, ಸೊನ್ನೆ ಅಂತ ತೋರಿಸ್ತಾ ಐತೆ. ಮಂಡಿ ರಜಾನಾ, ಇಲ್ಲ ಕೊಳ್ಳೋರೇ ಬಂದಿಲ್ವಾ? ಕೀಳೋ ಆಳುಗಳು ಬಂದು ತೋಟದ ಹತ್ರ ನಿಂತವ್ರೆ. ಏನು ಹೇಳ್ಲಿ ಅವರಿಗೆ?"

ಪಟ್ಟಣದಲ್ಲಿ ಬೆಳೆದವರಿಗೆ ಸೊನ್ನೆ ಕಂಡರೆ ಇದು ಯಂತ್ರದ ದೋಷ ಎಂದು ತಕ್ಷಣ ಹೊಳೆಯಬಹುದು. ಟೊಮೆಟೊ ಬೆಳೆದವರಿಗೆ ಹಾಗೆ ಹೊಳೆಯುವುದಿಲ್ಲ. ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಯಲ್ಲಿ ಸುರಿದು ಬಂದ ದಿನಗಳನ್ನು ಅವರು ಕಂಡಿದ್ದಾರೆ. ಅವರಿಗೆ ಸೊನ್ನೆ ನಂಬಬಹುದಾದ ಬೆಲೆ. ಆ ದಿನ ಅವರಿಗೆ ಕೀಳಿಸಿ ಎಂದು ಹೇಳಿ ಸರಿಯಾದ ಬೆಲೆ ತಿಳಿಸಿದೆವು. ಫೋನ್ ಮಾಡದೆ ಸುಮ್ಮನೆ ಆಳುಗಳನ್ನು ವಾಪಸ್ ಕಳಿಸಿದವರು ಎಷ್ಟು ಮಂದಿಯೋ.

ಮಕ್ಕಳೇ, ಇದನ್ನು ನಿಮ್ಮ ಮೇಷ್ಟ್ರು ಎಂದೋ ಬಗೆಹರಿಸಿದ್ದಾರೆ. ಅಂಕಪಟ್ಟಿ ತೆಗೆದು ನೋಡಿ. ಪರೀಕ್ಷೆಗೆ ಬಂದು ಏನೂ ಬರೆಯದವನಿಗೆ ಸೊನ್ನೆ ಹಾಕುತ್ತಾರೆ. ಜ್ವರ ಬಂದು ಪರೀಕ್ಷೆಗೇ ಬಾರದವನಿಗೆ ಗೈರು ಎಂದು ಬರೆಯುತ್ತಾರೆ. ಎರಡನ್ನೂ ಒಂದೇ ಮಾಡಿದರೆ ಜ್ವರ ಬಂದ ಹುಡುಗನಿಗೆ ಅನ್ಯಾಯ. ತರಗತಿಯ ಸರಾಸರಿ ತೆಗೆದರೆ ಅದೂ ತಪ್ಪು. ಒಳ್ಳೆಯ ಪ್ರೋಗ್ರಾಮಿನಲ್ಲಿಯೂ 'ಬರಲಿಲ್ಲ' ಎನ್ನುವುದಕ್ಕೆ, 'ಸೊನ್ನೆ' ಎನ್ನುವುದಕ್ಕೆ ಬೇರೆ ಬೇರೆ ಗುರುತು ಇರುತ್ತದೆ. ಬೆಲೆ ಬರದಿದ್ದರೆ "ಇವತ್ತಿನ ಬೆಲೆ ಇನ್ನೂ ಬಂದಿಲ್ಲ" ಎಂದೇ ತೋರಿಸಬೇಕು.

ಸರಿ, ಹೆಸರು ಬೇರೆ ಬೇರೆ ಇದ್ದಾಗ ಏನು ಮಾಡುವುದು? ಮೂರು ದಾರಿಗಳಿವೆ.

ಮೊದಲನೆಯದು, ಒಬ್ಬೊಬ್ಬರಿಗೂ ಒಂದೊಂದು ಅಚ್ಚು ಮಾಡುವುದು. ಇಬ್ಬರು ಮೂವರು ಇದ್ದಾಗ ಇದು ಸಾಕು. ಇಪ್ಪತ್ತು ಕಡೆಯಿಂದ ಹತ್ತು ಬೆಳೆಗಳ ಬೆಲೆ ಬರತೊಡಗಿದರೆ ಇನ್ನೂರು ಅಚ್ಚು ಬೇಕು. ಒಂದು ಸಣ್ಣ ಬದಲಾವಣೆ ಬಂದರೆ ಇನ್ನೂರು ಕಡೆ ತಿದ್ದಬೇಕು.

ಎರಡನೆಯದು, ಅಡ್ಡ ಹೆಸರು ಕೊಡುವುದು. ಪಹಣಿಯಲ್ಲಿ, ಕೋರ್ಟ್ ಕಾಗದದಲ್ಲಿ 'ಉರುಫ್' ಎಂದು ಬರೆದಿರುವುದನ್ನು ಹಿರಿಯರು ನೋಡಿದ್ದೀರಿ. ದಾಖಲೆಯಲ್ಲಿ ಇರುವ ಹೆಸರು ಒಂದು, ಊರಲ್ಲಿ ಕರೆಯುವ ಹೆಸರು ಒಂದು, ಮನುಷ್ಯ ಒಬ್ಬನೇ. ಹಾಗೆಯೇ 'ಮಾರ್ಕೆಟ್' ಉರುಫ್ 'ಮಾರ್ಕೆಟ್ ನೇಮ್' ಉರುಫ್ 'ಮಂಡಿ' ಎಂದು ಡಬ್ಬದ ಮೇಲೆ ಬರೆದಿಟ್ಟರೆ, ಯಾವ ಹೆಸರಿನಲ್ಲಿ ಬಂದರೂ ಸಾಮಾನು ಅಲ್ಲಿಗೇ ಹೋಗುತ್ತದೆ. ಜಾಕ್ಸನ್‌ನಲ್ಲಿ 2017ರ ಆವೃತ್ತಿಯಿಂದ ಇದಕ್ಕೆ ಒಂದು ಗುರುತು ಇದೆ. ಅದರ ಹೆಸರೇ ಆಲಿಯಾಸ್.

ಮೂರನೆಯ ದಾರಿ ಹೇಳುವ ಮುಂಚೆ ಇನ್ನೊಂದು ತೊಡಕನ್ನು ಹೇಳಬೇಕು. ಬರುವ ಉತ್ತರದಲ್ಲಿ ಎರಡು ಭಾಗ ಇರುತ್ತದೆ, ಹೊರಗಿನ ಲಕೋಟೆ ಮತ್ತು ಒಳಗಿನ ಸರಕು. ಲಕೋಟೆಯ ಮೇಲೆ ಕೇಳಿದ್ದು ಸಿಕ್ಕಿತೋ ಇಲ್ಲವೋ, ಒಟ್ಟು ಎಷ್ಟು ಸಾಲುಗಳಿವೆ, ಇದು ಎಷ್ಟನೇ ಪುಟ ಎಂದು ಇರುತ್ತದೆ. ಇದು ಎಲ್ಲ ಬೆಳೆಗೂ ಸಮಾನ. ಒಳಗಿನ ಸರಕು ಮಾತ್ರ ಬೇರೆ. ಟೊಮೆಟೊ ಕೇಳಿದರೆ 'ಟೊಮೆಟೊಸ್' ಎಂಬ ಹೆಸರಿನ ಕೆಳಗೆ, ಮಾವು ಕೇಳಿದರೆ 'ಮ್ಯಾಂಗೋಸ್' ಎಂಬ ಹೆಸರಿನ ಕೆಳಗೆ, ರೇಷ್ಮೆಗೂಡು ಕೇಳಿದರೆ 'ಕಕೂನ್ಸ್' ಎಂಬ ಹೆಸರಿನ ಕೆಳಗೆ ಬರುತ್ತದೆ. ಗೂಡಿಗೆ ಮಿಶ್ರತಳಿಯೋ ದ್ವಿತಳಿಯೋ ಎಂಬ ಕಾಲಂ ಬೇಕು, ಟೊಮೆಟೊಗೆ ಬೇಡ. ಮಾವಿಗೆ ಬಾದಾಮಿಯೋ ತೋತಾಪುರಿಯೋ ಎಂಬುದು ಬೇಕು.

ಇಲ್ಲಿ ಬರುವುದು ಜೆನೆರಿಕ್ ಎನ್ನುವ ವಿಚಾರ. ಹೆಸರು ಕೇಳಿ ಹೆದರಬೇಡಿ. ಬೀಜಗಣಿತದಲ್ಲಿ ಎಕ್ಸ್ ಎನ್ನುತ್ತೀರಲ್ಲ, ಯಾವ ಸಂಖ್ಯೆ ಎಂದು ಆಮೇಲೆ ಹೇಳುತ್ತೇವೆ, ಈಗ ಲೆಕ್ಕದ ರೀತಿ ಮಾತ್ರ ಬರೆದಿಡೋಣ ಎಂದು. ಹಾಗೆಯೇ ಇಲ್ಲಿ 'ಟಿ' ಎಂದು ಬರೆಯುತ್ತೇವೆ. ಎಕ್ಸ್ ಒಂದು ಸಂಖ್ಯೆಯ ಜಾಗ ಕಾಯುತ್ತದೆ, ಟಿ ಒಂದು ಬಗೆಯ ವಸ್ತುವಿನ ಜಾಗ ಕಾಯುತ್ತದೆ. 'ಟಿ ತುಂಬಿದ ಲಕೋಟೆ' ಎಂದು ಒಂದೇ ಸಲ ಬರೆದಿಟ್ಟರೆ ಸಾಕು. ಟೊಮೆಟೊ ಬಂದಾಗ ಅದು ಟೊಮೆಟೊ ಲಕೋಟೆ, ಗೂಡು ಬಂದಾಗ ಗೂಡಿನ ಲಕೋಟೆ. ಪ್ಲಾಸ್ಟಿಕ್ ಕ್ರೇಟ್ ಒಂದೇ ಇದ್ದು ಬೆಳಗ್ಗೆ ಟೊಮೆಟೊಗೆ, ಸಂಜೆ ಬದನೆಕಾಯಿಗೆ ಬಳಸುವುದಿಲ್ಲವೇ, ಹಾಗೆ. ಜಾವಾ ಭಾಷೆಗೆ ಈ ಸೌಲಭ್ಯ ಬಂದದ್ದು 2004ರಲ್ಲಿ, ಅದರ 5ನೇ ಆವೃತ್ತಿಯಲ್ಲಿ.

ಆದರೆ ಜಾವಾದಲ್ಲಿ ಒಂದು ವಿಚಿತ್ರ ಇದೆ. ಪ್ರೋಗ್ರಾಂ ಬರೆಯುವಾಗ ಕ್ರೇಟಿನ ಮೇಲೆ 'ಟೊಮೆಟೊ' ಎಂದು ಚೀಟಿ ಅಂಟಿಸಿರುತ್ತೇವೆ. ಪ್ರೋಗ್ರಾಂ ಓಡುವ ಹೊತ್ತಿಗೆ ಆ ಚೀಟಿ ಕಿತ್ತುಹೋಗಿರುತ್ತದೆ. ಹಳೆಯ ಪ್ರೋಗ್ರಾಮುಗಳೊಂದಿಗೆ ಹೊಂದಿಕೊಂಡು ಹೋಗಲೆಂದು ಆ ಭಾಷೆ ಮಾಡಿದವರು ಬೇಕೆಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ಬಿಚ್ಚುವ ಉಪಕರಣಕ್ಕೆ "ಇದರಲ್ಲಿ ಟೊಮೆಟೊ ಇದೆ" ಎಂದು ನಾವು ಇನ್ನೊಮ್ಮೆ ಬೇರೆಯಾಗಿ ಹೇಳಬೇಕಾಗುತ್ತದೆ. ಹೇಳದಿದ್ದರೆ ಅದು ಹೆಸರು-ಬೆಲೆಗಳ ಒಂದು ಬರಿಯ ಗಂಟನ್ನು ಕೈಗೆ ಕೊಟ್ಟುಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಇಲ್ಲಿ ಬಹಳ ಒದ್ದಾಡುತ್ತಾರೆ. ನಮ್ಮ ಶಾಲೆಯಿಂದ ಮುಂದೆ ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಟ್ಟುಕೊಂಡರೆ ಎರಡು ದಿನ ಉಳಿಯುತ್ತದೆ.

ಈಗ ಮೂರನೆಯ ದಾರಿ. ಯಾರ ಉತ್ತರದಲ್ಲಿ ಯಾವ ಹೆಸರಿಗೆ ಏನು ಅರ್ಥ ಎನ್ನುವ ಒಂದು ಪಟ್ಟಿಯನ್ನು ಒಂದೇ ಕಡೆ ಇಟ್ಟುಕೊಂಡು, ಬಿಚ್ಚುವ ಕೆಲಸವನ್ನು ನಾವೇ ಬರೆಯುವುದು. ಲಕೋಟೆಯೊಳಗೆ ಸರಕು ಯಾವ ಹೆಸರಿನ ಕೆಳಗಿದೆ ಎಂದು ಮೊದಲು ಪಟ್ಟಿ ನೋಡಿ ತಿಳಿಯುವುದು, ಆಮೇಲೆ ಒಳಗಿನ ಒಂದೊಂದು ಕಾಲಂ ಅನ್ನೂ ಪಟ್ಟಿಯ ಪ್ರಕಾರ ನಮ್ಮ ಹೆಸರಿಗೆ ತಿರುಗಿಸುವುದು. ಹೊಸಬರು ಸೇರಿದರೆ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಆಯಿತು. ನಾವು ಈಗ ಮಾಡುತ್ತಿರುವುದು ಹೀಗೆ.

ಇಷ್ಟು ಕೇಳಿದ ಮೇಲೆ, ಸಿಕ್ಕಸಿಕ್ಕ ಹೆಸರನ್ನೆಲ್ಲ ಪಟ್ಟಿಗೆ ಸೇರಿಸಿಬಿಟ್ಟರೆ ಆಯಿತಲ್ಲ ಎಂದು ನಿಮಗೆ ಅನಿಸಬಹುದು. ಅಲ್ಲಿಯೇ ಅಪಾಯ ಇರುವುದು. ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. 'ಚಿನ್ನ' ಎಂದರೆ ಕನ್ನಡದಲ್ಲಿ ಬಂಗಾರ, ತೆಲುಗಿನಲ್ಲಿ ಚಿಕ್ಕದು. ಹೆಸರು ಒಂದೇ, ಅರ್ಥ ಎರಡು. ಕನ್ನಡದೊಳಗೇ 'ಹೆಸರು' ಎಂದರೆ ಕರೆಯುವ ಹೆಸರೂ ಹೌದು, ಹೆಸರುಕಾಳೂ ಹೌದು. ಹಾಗೆಯೇ 'ರೇಟ್' ಎಂದರೆ ಒಂದು ಕಡೆ ಸರಕಿನ ದರ, ಇನ್ನೊಂದು ಕಡೆ ಕಮಿಷನ್ನಿನ ದರ. 'ಡೇಟ್' ಎಂದರೆ ಮಾಲು ಬಂದ ದಿನವೋ, ಬೆಲೆ ಬರೆದ ದಿನವೋ? 05-06 ಎಂದು ಇದ್ದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಹೆಸರು ಹೊಂದುತ್ತದೆ ಎಂದು ಅರ್ಥ ಕೇಳದೆ ಸೇರಿಸಿದರೆ, ಖಾಲಿ ಡಬ್ಬಕ್ಕಿಂತ ಕೆಟ್ಟದ್ದು ಆಗುತ್ತದೆ. ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ. ತಪ್ಪು ತುಂಬಿದ್ದರೆ ಯಾರೂ ಕೇಳುವುದಿಲ್ಲ.

ಇದರ ಲೆಕ್ಕ ಮಾಡಿ ತೋರಿಸುತ್ತೇನೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ. ಅಗ್‌ಮಾರ್ಕ್‌ನೆಟ್‌ನಲ್ಲಿ ಬರೆಯುವುದು ಕ್ವಿಂಟಲ್ ಲೆಕ್ಕದಲ್ಲಿ. ಬಾಕ್ಸಿಗೆ 300 ರೂಪಾಯಿ ಎಂದರೆ ಕೆಜಿಗೆ 20, ಕ್ವಿಂಟಲಿಗೆ 2000. ಎರಡು ಕಡೆಯ ಕಾಲಂ ಹೆಸರೂ 'ಪ್ರೈಸ್' ಎಂದೇ ಇತ್ತು ಅಂತಿಟ್ಟುಕೊಳ್ಳಿ. ಉಪಕರಣ ಯಾವ ತಕರಾರೂ ಇಲ್ಲದೆ ಎರಡನ್ನೂ ಒಂದೇ ಡಬ್ಬಕ್ಕೆ ಹಾಕುತ್ತದೆ. ಒಂದು ಮಾರುಕಟ್ಟೆಯಲ್ಲಿ 300, ಇನ್ನೊಂದರಲ್ಲಿ 2000 ಎಂದು ಪರದೆಯ ಮೇಲೆ ಬರುತ್ತದೆ. ಬೆಲೆ ನಿಜವಾಗಿ ಒಂದೇ. ಆದರೆ ನೋಡಿದ ರೈತ ಟೆಂಪೋ ಬಾಡಿಗೆ ಕೊಟ್ಟು ದೂರದ ಮಾರುಕಟ್ಟೆಗೆ ಹೊರಡುತ್ತಾನೆ. ಹೆಸರು ಸರಿಯಾಗಿ ಹೊಂದಿದ್ದರಿಂದಲೇ ಆದ ನಷ್ಟ ಇದು.

ಇದು ನಮ್ಮ ಮಂಡಿಗಳಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೌಕೆಯ ಸಣ್ಣ ಎಂಜಿನ್‌ಗಳ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಬರೆದು ಕೊಡುತ್ತಿತ್ತು. ಅದನ್ನು ಓದುವ ಇನ್ನೊಂದು ಪ್ರೋಗ್ರಾಂ ಅದನ್ನು ನ್ಯೂಟನ್ ಲೆಕ್ಕ ಎಂದುಕೊಂಡಿತ್ತು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಸಂಖ್ಯೆ ಸರಿಯಾಗಿಯೇ ತಲುಪಿತು, ಸರಿಯಾದ ಜಾಗಕ್ಕೇ ಹೋಯಿತು. ಅದರ ಏಕಮಾನ ಮಾತ್ರ ಜೊತೆಯಲ್ಲಿ ಹೋಗಲಿಲ್ಲ. ನೌಕೆ ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಮಂಗಳದ ವಾತಾವರಣಕ್ಕೆ ಇಳಿಯಿತು.

ಇದೇ ಶಾಲೆಯಲ್ಲಿ ನಮಗೆ ವಿಜ್ಞಾನ ಹೇಳಿದ ಗುರುಗಳು ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಯಾರಿಗೇ ಆಗಲಿ ಅರ್ಧ ಅಂಕ ಕಡಿಯುತ್ತಿದ್ದರು. "ಐವತ್ತು ಅಂದರೆ ಐವತ್ತು ಏನು? ಐವತ್ತು ಮೂಟೆನಾ, ಐವತ್ತು ಮೀಟರಾ?" ಎನ್ನುತ್ತಿದ್ದರು. ಆಗ ಎಲ್ಲರೂ ಗೊಣಗುತ್ತಿದ್ದೆವು. ಇವತ್ತು ನಮ್ಮ ತಂಡದಲ್ಲಿ ನಾನು ಹಾಕಿರುವ ನಿಯಮ ಅದೇ. ಬೆಲೆಯ ಜೊತೆ ಏಕಮಾನ ಇಲ್ಲದಿದ್ದರೆ ಆ ಸಾಲನ್ನು ಒಳಗೆ ಬಿಡುವುದಿಲ್ಲ. ಯಾರು ಕಳಿಸಿದರು, ಯಾವಾಗ ಕಳಿಸಿದರು ಎನ್ನುವುದನ್ನೂ ಬರೆದುಕೊಳ್ಳುತ್ತೇವೆ. ಬಂದ ಮೂಲ ಉತ್ತರವನ್ನು ತಿದ್ದದೆ ಹಾಗೆಯೇ ಒಂದು ಕಡೆ ಇಡುತ್ತೇವೆ. ನಾಳೆ ನಮ್ಮ ಪಟ್ಟಿಯಲ್ಲಿ ದೋಷ ಕಂಡರೆ ಮೂಲ ಕಾಗದ ನೋಡಿ ಸರಿಪಡಿಸಬಹುದು. ಮೂಲವನ್ನೇ ತಿದ್ದಿಬಿಟ್ಟರೆ ಮತ್ತೆ ಯಾವ ದಾರಿಯೂ ಇರುವುದಿಲ್ಲ.

ಇನ್ನು ಕೊನೆಯದಾಗಿ, ಈ ಸಭೆಗೇ ಸಂಬಂಧಪಟ್ಟ ಒಂದು ಮಾತು.

ಸುವರ್ಣ ಮಹೋತ್ಸವ ಸಮಿತಿಯವರು 50 ವರ್ಷಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುತ್ತಿದ್ದಾರೆ. ಒಂದೊಂದು ಬ್ಯಾಚಿನವರು ಒಂದೊಂದು ರೀತಿ ಬರೆದು ಕಳಿಸಿದ್ದಾರೆ. ಒಂದರಲ್ಲಿ 'ಹೆಸರು, ಊರು, ಫೋನ್' ಇದೆ. ಇನ್ನೊಂದರಲ್ಲಿ 'ವಿದ್ಯಾರ್ಥಿಯ ಪೂರ್ಣ ಹೆಸರು, ವಿಳಾಸ, ಮೊಬೈಲ್' ಇದೆ. ಮತ್ತೊಂದು ಪೂರ್ತಿ ಇಂಗ್ಲಿಷಿನಲ್ಲಿದೆ. ಇವನ್ನು ಒಂದು ಪಟ್ಟಿ ಮಾಡುವ ಕೆಲಸಕ್ಕೆ ಕೈಜೋಡಿಸು ಎಂದು ನನ್ನನ್ನು ಕೇಳಿದ್ದಾರೆ. ನೋಡಿ, ನನ್ನ ಆಫೀಸಿನ ಕೆಲಸ ಊರಿಗೇ ಬಂದಿದೆ.

ಆ ಕಾಗದಗಳನ್ನು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 'ಊರು' ಎನ್ನುವ ಕಾಲಂನಲ್ಲಿ ಗಂಡುಮಕ್ಕಳು ಹೆಚ್ಚಾಗಿ ಹುಟ್ಟಿದೂರನ್ನೇ ಬರೆದಿದ್ದಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಈಗಿರುವ ಊರನ್ನು ಬರೆದಿದ್ದಾರೆ. ಶಾಲೆಯಲ್ಲಿದ್ದಾಗ ತಂದೆಯ ಇನಿಷಿಯಲ್ ಇತ್ತು, ಈಗ ಗಂಡನ ಹೆಸರು ಸೇರಿದೆ. ಶಾಲೆಯ ದಾಖಲಾತಿ ಪುಸ್ತಕದೊಂದಿಗೆ ತಾಳೆ ನೋಡಿದರೆ ಹೆಸರೂ ಹೊಂದುವುದಿಲ್ಲ, ಊರೂ ಹೊಂದುವುದಿಲ್ಲ. ಕಂಪ್ಯೂಟರಿಗೆ ಬಿಟ್ಟರೆ "ಇಂಥವರು ಈ ಶಾಲೆಯಲ್ಲಿ ಓದಿಲ್ಲ" ಎಂದು ಒಂದೇ ಏಟಿಗೆ ಬದಿಗಿಡುತ್ತದೆ. ಮೂರು ನಾಲ್ಕು ಮೈಲಿ ನಡೆದು ಬಂದು ಇಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹೆಣ್ಣುಮಕ್ಕಳು, ಅದೂ ಮೊದಲ ಬ್ಯಾಚುಗಳ ಅಕ್ಕಂದಿರು, ಕಾಲಂ ಹೆಸರಿನ ಗೊಂದಲದಿಂದ ಶಾಲೆಯ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆ ಸೊನ್ನೆಯ ಹಾಗೆಯೇ, ಸದ್ದಿಲ್ಲದೆ ಆಗುವಂಥದ್ದು.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ ಇದು. 'ಊರು' ಎನ್ನುವ ಒಂದು ಕಾಲಂ ತೆಗೆದು 'ಶಾಲೆಗೆ ಬರುತ್ತಿದ್ದಾಗ ಇದ್ದ ಊರು', 'ಈಗಿರುವ ಊರು' ಎಂದು ಎರಡು ಮಾಡೋಣ. ಹೆಸರಿಗೂ ಹಾಗೆಯೇ, 'ಶಾಲೆಯ ದಾಖಲೆಯಲ್ಲಿದ್ದ ಹೆಸರು', 'ಈಗಿನ ಹೆಸರು' ಎಂದು ಎರಡು ಇಡೋಣ. ಗೊತ್ತಿಲ್ಲದ್ದನ್ನು ಊಹೆ ಮಾಡಿ ತುಂಬುವುದು ಬೇಡ, 'ತಿಳಿದಿಲ್ಲ' ಎಂದೇ ಬರೆಯೋಣ. ಬಂದ ಕಾಗದಗಳನ್ನು ಎಸೆಯದೆ ಒಂದು ಫೈಲಿನಲ್ಲಿ ಇಡೋಣ. ಹೊಂದದ ಹೆಸರುಗಳನ್ನು ಬದಿಗಿಟ್ಟು, ಪ್ರತಿ ಹಳ್ಳಿಯಲ್ಲಿ ಒಬ್ಬ ಹಿರಿಯರ ಹತ್ತಿರ ಕೂತು ಕೇಳೋಣ. "ಆ ಹುಡುಗಿನಾ? ಮೇಗಲ ಮನೆಯವರ ಎರಡನೇ ಮಗಳು, ಮುಳಬಾಗಿಲಿಗೆ ಕೊಟ್ಟವ್ರೆ" ಎಂದು ಅವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ಆ ಕೆಲಸ ಯಾವ ಕಂಪ್ಯೂಟರಿನಿಂದಲೂ ಆಗುವುದಿಲ್ಲ.

ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಲ್ಲಿ ಆಸಕ್ತಿ ಇರುವವರು ನನ್ನ ಜೊತೆ ಸೇರಿ. ಪಟ್ಟಿ ಮಾಡುವ ಎರಡು ಶನಿವಾರ ನಾನು ಇಲ್ಲಿಯೇ ಇರುತ್ತೇನೆ. ಕಂಪ್ಯೂಟರಿನ ಭಾಗ ನಾನು ತೋರಿಸುತ್ತೇನೆ. ಮನೆ ಮನೆಗೆ ಹೋಗಿ ಅಜ್ಜಿಯರನ್ನು ಕೇಳುವ ಭಾಗ ನಿಮ್ಮದು. ಎರಡರಲ್ಲಿ ಕಷ್ಟದ್ದು ನಿಮ್ಮದೇ, ಈಗಲೇ ಹೇಳಿಬಿಡುತ್ತೇನೆ.